ಕುಡಗೋಲ ಇದ್ದ

ಹೊಳೆದಂಡಿ ಜಿಲ್ಲೆಯ ತಡೆಮನೆ, ಓದುಕಟ್ಟೆ
ಆಗಸ್ಟ್ ಎಪ್ಪತ್ತಾರು, ಎರಡು ಸಾವಿರದ ನೂರಾ ಅರವತ್ತೆಂಟು

ನೂರಾ ನಲವತ್ತು ವರ್ಷದ ಹಿಂದೆ ಕೂತು ಈ ದೇಶದ ದಂಡನೆಯ ಕಾನೂನನ್ನು ತಿದ್ದುತ್ತಿರುವ ಮುತ್ಯಾಗಳಿಗೂ ಆಯಿಗಳಿಗೂ ಓದುಗಿತ್ತಿ ಹುಲಿಗೆವ್ವ ಮಾಡುವ ಶರಣಾರ್ಥಿ.

ಮೊನ್ನೆ ಕೆಟ್ಟ ಕನಸು ಬಿತ್ತು. ಓದುಕಟ್ಟೆಯ ಮೇಲೆ ಕೂತು ಒಬ್ಬನಿಗೆ ಅವನ ಕಾಗದ ಓದಿ ಹೇಳುತ್ತಿದ್ದೇನೆ. ಓದುತ್ತಿದ್ದಂತೆ ಅಕ್ಷರಗಳ ಕೊಂಬು, ಇಳಿ, ಒತ್ತು, ಸೊನ್ನೆ ಎಲ್ಲ ಕಳಚಿಕೊಂಡು ಇರುವೆಗಳ ಹಾಗೆ ನನ್ನ ಉಡಿಗೆ ಉದುರುತ್ತಿವೆ. ಸೆರಗಿನಿಂದ ಬಳಿದು ತುಂಬಿಕೊಂಡೆ. ಯಾವ ಕೊಂಬು ಯಾವ ಅಕ್ಷರದ್ದೆಂದು ತಿಳಿಯದೆ ಒಂದೊಂದನ್ನೇ ಹಚ್ಚಿ ನೋಡುತ್ತಿದ್ದರೆ ಎದುರಿಗೆ ಕೂತವನು "ಲಗೂ ಓದ್ರಿ ಯಕ್ಕಾ, ನನ್ನ ಬುತ್ತಿ ಆರಾಕತ್ತೈತಿ" ಎಂದ. ಎಚ್ಚರಾದ ಮೇಲೆ ಸೆರಗು ಝಾಡಿಸಿ ನೋಡಿದೆ. ಆಮೇಲೆ ಬಾಗಿಲ ಚಿಲಕ ನೋಡಿದೆ, ಒಲೆ ನೋಡಿದೆ, ಮತ್ತೊಮ್ಮೆ ಚಿಲಕ ನೋಡಿದೆ. ನನ್ನ ಸ್ವಭಾವವೇ ಹೀಗೆ. ಊರಿನಲ್ಲಿ ನನ್ನನ್ನು ಚಿಂತಿ ಹುಲಿಗೆವ್ವ ಎಂದೇ ಕರೆಯುತ್ತಾರೆ. ಈ ಪತ್ರವನ್ನು ಇದುವರೆಗೆ ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ. ಇದರ ಮೇಲೆ ಒಬ್ಬ ಮನುಷ್ಯ ಮನೆಗೆ ಹೋಗುವುದು ನಿಂತಿದೆ.

ಮೇಲಿನ ತಾರೀಕು ನೋಡಿ ಇವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ತಿಂಗಳು ಮೂವತ್ತಕ್ಕೋ ಮೂವತ್ತೊಂದಕ್ಕೋ ತಾನಾಗಿಯೇ ಮುಗಿಯುತ್ತಿತ್ತು ಎಂದು ಕೇಳಿದ್ದೇನೆ. ಹೊರಗಿನವರಿಗೆ ಇಂದಿಗೂ ಹಾಗೆಯೇ. ಅವರ ಗೋಡೆಯ ಮೇಲೆ ಇವತ್ತು ಅಕ್ಟೋಬರ್ ಹದಿನೈದು. ಆದರೆ ನ್ಯಾಯದ ಕಚೇರಿಗಳಲ್ಲಿ ತಿಂಗಳು ತಾನಾಗಿ ಮುಗಿಯುವುದಿಲ್ಲ, ಅದನ್ನು ಮುಚ್ಚಬೇಕು. ವಿಚಾರಣೆ ಮುಗಿಯದೆ ತಡೆದಿಟ್ಟ ಪ್ರತಿಯೊಬ್ಬನಿಗೂ ಅವನ ಕಾಗದವನ್ನು ಆ ತಿಂಗಳಲ್ಲಿ ಒಮ್ಮೆ ಅವನೆದುರು ಓದಿ ಹೇಳಿ, ಓದಿದವಳು "ನನಗೆ ತಿಳಿಯಿತು, ಅವನಿಗೂ ತಿಳಿಯಿತು" ಎಂದು ರುಜು ಹಾಕಿದ ಮೇಲೆಯೇ ತಿಂಗಳು ಮುಚ್ಚುತ್ತದೆ. ಒಂದು ರುಜು ಬಾಕಿ ಉಳಿದರೂ ಇಡೀ ಜಿಲ್ಲೆಯ ನ್ಯಾಯದ ಕಚೇರಿಗಳಿಗೆ ಮುಂದಿನ ತಿಂಗಳು ಹುಟ್ಟುವುದಿಲ್ಲ. ವರ್ಗಾವಣೆ ಆಗುವುದಿಲ್ಲ, ಬಡ್ತಿ ಆಗುವುದಿಲ್ಲ, ರಜೆ ಸಿಗುವುದಿಲ್ಲ. ಇದಕ್ಕೆ ನಾವು ಮುಚ್ಚದ ತಿಂಗಳು ಎನ್ನುತ್ತೇವೆ. ನಮ್ಮ ಜಿಲ್ಲೆಯಲ್ಲಿ ಆಗಸ್ಟ್ ಮುಚ್ಚಿಲ್ಲ. ಮುಚ್ಚಲು ಬಿಡದವಳು ನಾನೇ.

ನನ್ನ ಮಾತಿನಲ್ಲಿ ಇಂಥ ಶಬ್ದಗಳು ಅಲ್ಲಲ್ಲಿ ಬಂದಾವು, ಕ್ಷಮಿಸಬೇಕು. ಅಕ್ಷರ ತಪ್ಪಿದ್ದರೂ ಕ್ಷಮಿಸಬೇಕು. ನನ್ನ ಓದು ಐದನೆಯ ತರಗತಿಗೆ ನಿಂತಿತು, ಆ ಐದೂ ಏಳು ಸಾಲೆಗಳಲ್ಲಿ ಚೂರುಚೂರಾಗಿ ಆದದ್ದು. ನಮ್ಮಪ್ಪ ಕನ್ನಡಿ ಹೊಲ ತೊಳೆಯುವವನು. ಹೊಲವೆಂದರೆ ಜೋಳದ್ದಲ್ಲ, ಬಿಸಿಲಿನಿಂದ ಕರೆಂಟು ತೆಗೆಯುವ ಗಾಜಿನ ಹೊಲ. ಒಂದು ಹೊಲದ ಧೂಳು ತೊಳೆದು ಮುಗಿಯುವಷ್ಟರಲ್ಲಿ ಮುಂದಿನ ಹೊಲ ಕರೆಯುತ್ತಿತ್ತು. ಅಲ್ಲಿಗೆ ಗುಡಾರ, ಅಲ್ಲಿಗೆ ಸಾಲೆ. ಒಂದು ಸಾಲೆಯಲ್ಲಿ ಗುಣಾಕಾರ ಅರ್ಧ ಕಲಿತರೆ ಮುಂದಿನ ಸಾಲೆಯಲ್ಲಿ ಅದು ಮುಗಿದು ಭಾಗಾಕಾರ ನಡೆದಿರುತ್ತಿತ್ತು. ಹೀಗಾಗಿ ನನಗೆ ಎಲ್ಲದರ ಅರ್ಧ ಗೊತ್ತು.

ಈ ಕೆಲಸ ನನಗೆ ಸಿಕ್ಕಿದ್ದು ಆ ಅರ್ಧ ಓದಿನಿಂದಲೇ. ನೀವೇ ಬರೆದ ನಿಯಮವಂತೆ, ನಮಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದಾರೆ: ಎಂಟನೆಯ ತರಗತಿ ದಾಟಿದವರು ಓದುಗರಾಗುವಂತಿಲ್ಲ. ಕಾಗದದ ಯಾವ ಸಾಲು ಓದುಗಿತ್ತಿಗೆ ತಿಳಿಯುವುದಿಲ್ಲವೋ ಆ ಸಾಲಿನ ಆಧಾರದ ಮೇಲೆ ಒಬ್ಬನನ್ನು ಕೂಡಿಹಾಕುವಂತಿಲ್ಲ. ತಿಳಿಯಲಿಲ್ಲ ಎಂದು ಅವಳು ಹೇಳಿದರೆ ಕಾಗದ ತಿರುಗಿ ಹೋಗುತ್ತದೆ, ಸರಿಯಾಗಿ ಬರುವವರೆಗೆ ಮನುಷ್ಯ ಮನೆಯಲ್ಲಿರುತ್ತಾನೆ. ಇದನ್ನು ಮೊದಲು ಕೇಳಿದಾಗ ನನಗೆ ನಗು ಬಂತು, ಅಳುವೂ ಬಂತು. ಗೊತ್ತಿಲ್ಲ ಎಂದು ಹೇಳಿ ಬೈಸಿಕೊಂಡೇ ಬೆಳೆದವಳಿಗೆ, ಗೊತ್ತಿಲ್ಲ ಎನ್ನುವುದೇ ಉದ್ಯೋಗ ಎಂದರೆ ಹೇಗಾದೀತು!

ನಿಮ್ಮಿಂದ ಆದ ಒಳ್ಳೆಯದನ್ನೂ ಹೇಳಬೇಕು, ಬರೀ ದೂರು ತಂದಳು ಎಂದಾಗಬಾರದು. ನಮ್ಮ ತಡೆಮನೆ ಸಂತೆಯ ಮಗ್ಗುಲಲ್ಲೇ ಇದೆ. ವಿಚಾರಣೆಗೆ ಕಾಯುವವರನ್ನು ಇಡುವ ಮನೆ ಅದು, ಶಿಕ್ಷೆಯಾದವರದು ಬೇರೆ. ಬೀದಿಯ ಕಡೆಯ ಗೋಡೆ ಮೊಣಕಾಲ ಮಟ್ಟದಿಂದ ಮೇಲೆ ತೂತುತೂತಿನ ಜಾಲಿ, ಏಕೆಂದರೆ ಹೋಗುವವರು ಬರುವವರು ಒಳಗೆ ನೋಡಬೇಕು ಎಂಬುದು ಕಾನೂನು. ಬೆಳಿಗ್ಗೆ ಹಾಲಿನವಳೂ ಒಳಗೆ ಇಣುಕಿ "ಎಲ್ಲಾರೂ ಅದೀರಿಲ್ಲೋ" ಎಂದು ಎಣಿಸಿಯೇ ಮುಂದೆ ಹೋಗುತ್ತಾಳೆ. ಬೇಡಿಗಳನ್ನು ನಾನು ವಸ್ತುಸಂಗ್ರಹಾಲಯದ ಗಾಜಿನೊಳಗೆ ಮಾತ್ರ ಕಂಡಿದ್ದೇನೆ. ಓದುವ ದಿನ ಅಂಗಳದ ಬೇವಿನ ಕೆಳಗೆ ಕಟ್ಟೆ ಸಾರಿಸಿ, ಒಂದೇ ಎತ್ತರದ ಎರಡು ಮಣೆ ಹಾಕುತ್ತಾರೆ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಅವನು. ಹನ್ನೊಂದಕ್ಕೆ ಬಿಸಿಲ ಗಂಟೆ ಹೊಡೆಯುವುದರೊಳಗೆ ಓದು ಮುಗಿಯಬೇಕು, ಯಾಕೆಂದರೆ ಹನ್ನೊಂದರಿಂದ ಐದರವರೆಗೆ ನಮ್ಮಲ್ಲಿ ಮನುಷ್ಯರು ಬಯಲಲ್ಲಿ ಇರುವಂತಿಲ್ಲ. ಬೀದಿಗಳ ಮೇಲೆ ತಗಡಿನ ಚಪ್ಪರಗಳಿವೆ, ಅದಕ್ಕೆ ನೆರಳ ಸಾಲು ಎನ್ನುತ್ತೇವೆ. ಯಾರ ಬುಟ್ಟಿ ನೆರಳಲ್ಲಿ, ಯಾರದು ಬಿಸಿಲಲ್ಲಿ ಎಂಬುದರ ಮೇಲೆಯೇ ನಮ್ಮೂರಿನ ಅರ್ಧ ಜಗಳಗಳು ಹುಟ್ಟುತ್ತವೆ.

ನಾಗಪ್ಪನ ಜಗಳವೂ ಅದೇ. ಅವನು ಗಡಿಯಾಚೆಯಿಂದ ಬಂದವನು, ಮನೆಮಾತು ತೆಲುಗು. ಹೆಂಡತಿ ಅಂಜಿನಮ್ಮ ಸೊಪ್ಪು ಮಾರುತ್ತಾಳೆ. ಹೋದ ವರ್ಷದ ಆಗಸ್ಟಿನ ಕೊನೆಗೆ ನೆರಳ ಸಾಲಿನ ಗುತ್ತಿಗೆದಾರ ಅವಳ ಬುಟ್ಟಿಯನ್ನು ಬಿಸಿಲಿಗೆ ಸರಿಸಿದ. ನಾಗಪ್ಪ ಕೇಳಲು ಹೋದ, ಮಾತಿಗೆ ಮಾತು ಬೆಳೆಯಿತು, ದೂಡಿದ. ಗುತ್ತಿಗೆದಾರ ಕಂಬದ ಮೇಲೆ ಬಿದ್ದು ಮುಂಗೈ ಉದ್ದಕ್ಕೆ ಸೀಳಿತು. ತಗಡಿನ ಅಂಚು ಕುಯ್ದದ್ದು ಎಂದು ನಾಗಪ್ಪ ಹೇಳುತ್ತಾನೆ. ಕಣ್ಣಿಗೆ ಕತ್ತಲೆ ಬಂತು, ಏನೂ ಕಾಣಲಿಲ್ಲ ಎಂದು ಗುತ್ತಿಗೆದಾರ ಹೇಳುತ್ತಾನೆ. ಬಿಸಿಲ ಗಂಟೆಯಾಗಿದ್ದರಿಂದ ಬೀದಿಯಲ್ಲಿ ಮತ್ತೊಬ್ಬರಿರಲಿಲ್ಲ ಎಂದು ಕಾಗದ ಹೇಳುತ್ತದೆ. ಎದುರಿನ ಕಿಟಕಿಯಿಂದ ನೋಡಿದವಳು ಬಳೆಗಾರ ಓಣಿಯ ಫಕೀರವ್ವ ಒಬ್ಬಳೇ. ಎಂಬತ್ತು ದಾಟಿದ ಮುದುಕಿ. ಬರಿಗೈಯಲ್ಲಿ ದೂಡಿದವನು ನಮ್ಮ ಕಾಲದಲ್ಲಿ ಜಾಮೀನು ಬರೆದುಕೊಟ್ಟು ಅದೇ ದಿನ ಮನೆಗೆ ಹೋಗುತ್ತಾನೆ. ಆಯುಧ ಹಿಡಿದು ಹೋದವನು ಮಾತ್ರ ವಿಚಾರಣೆ ಮುಗಿಯುವ ತನಕ ಒಳಗಿರಬೇಕು. ಫಕೀರವ್ವನ ಹೇಳಿಕೆಯೆಂದು ಕಾಗದದಲ್ಲಿದ್ದ ಸಾಲು ಇದು: "ಅವನ ಬಳಿ ಕುಡುಗೋಲು ಇತ್ತು."

ಆ ಸಾಲನ್ನು ನಾನು ನಾಗಪ್ಪನಿಗೆ ಹನ್ನೊಂದು ತಿಂಗಳು ಹನ್ನೊಂದು ಸಲ ಓದಿ ಹೇಳಿದೆ. ಪ್ರತಿ ಸಲವೂ ಅವನು ತಲೆದೂಗಿ, "ಹೌದ್ರಿ ಯಕ್ಕಾ, ಖರೇನ ಐತಿ. ಕುಡಗೋಲ ಇದ್ದ" ಎನ್ನುತ್ತಿದ್ದ. ತೆಲುಗಿನವನು, ಎಮ್ಮೆಗೆ "ಬಂದ" ಎನ್ನುತ್ತಾನೆ, ಹೆಂಡತಿಗೆ "ಬಂತು" ಎನ್ನುತ್ತಾನೆ ಎಂದು ಕಾವಲಿನವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. "ಕುಡಗೋಲ ಎಲ್ಲಿ ಬಿಟ್ಟಿ?" ಎಂದು ತನಿಖೆಯವರು ಕೇಳಿದಾಗ "ಹಳೇ ಬಾವಿ ಕಡೆ ಬಿಟ್ಟು ಬಂದ್ನಿ, ಮುಂದಿಂದು ನನಗ ಗೊತ್ತಿಲ್ರಿ" ಎಂದು ಬಾಯಿ ಬಿಗಿದುಕೊಂಡ. ಅವರು ಬಾವಿಯ ನೀರನ್ನೆಲ್ಲ ಹೊರಹಾಕಿದರು, ಕೆಸರು ಸೋಸಿದರು. ಎರಡು ಕೊಡ, ಒಂದು ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು ಸಿಕ್ಕವು. ಕುಡುಗೋಲು ಸಿಗಲಿಲ್ಲ. ಸಿಗದ ಆಯುಧ ಬಚ್ಚಿಟ್ಟ ಆಯುಧ ಎಂದು ಕಾಗದಕ್ಕೆ ಇನ್ನೊಂದು ಸಾಲು ಸೇರಿತು. ಆ ಸಾಲನ್ನೂ ಓದಿ ಹೇಳಿದೆ. ಅವನು ಬೇವಿನ ಎಲೆ ಒಂದನ್ನು ಮಡಚುತ್ತ ಕೂತ. ಅವನು ಒಳಗೆ ಬಂದಾಗ ಅಂಬೆಗಾಲಿಡುತ್ತಿದ್ದ ಅವನ ಮಗಳು ಈಗ ಬೀದಿಯ ಕಡೆಯಿಂದ ಜಾಲಿ ಗೋಡೆ ಹಿಡಿದು ನಡೆಯುತ್ತಾಳೆ. ನಡೆಯಲು ಕಲಿತದ್ದೇ ಆ ಗೋಡೆ ಹಿಡಿದು.

ಈ ಆಗಸ್ಟಿನ ಒಂಬತ್ತರಂದು ನಾನು ನೀರಿನ ಸರದಿಯಲ್ಲಿ ನಿಂತಿದ್ದೆ. ಮಗ್ಗುಲಿಗೆ ಫಕೀರವ್ವ. ನನ್ನ ಕೊರಳಲ್ಲಿದ್ದ ಓದುಗಿತ್ತಿಯ ಬಿಲ್ಲೆ ನೋಡಿ ಕೇಳಿದಳು: "ಏನವಾ, ಆ ನಾಗಪ್ಪನ್ನ ಇನ್ನೂ ಬಿಟ್ಟಿಲ್ಲೇನ? ಆ ಹಾಟ್ಯಾ ಕುಡಗೋಲ ಓಡಿಹೋದವ ಇನ್ನೂ ಬಂದಿಲ್ಲೇನ?"

"ಆಯಿ, ಕುಡಗೋಲಕ್ಕ ಕಾಲದಾವೇನು ಓಡಿಹೋಗಾಕ?" ಎಂದೆ.

"ಕಾಲಿಲ್ದ ಏನ! ಎರಡೆರಡು ಅದಾವ. ನಿನ್ನಂಗ ಸಪೂರಲ್ಲ, ಧಡೂತಿ ಆಳು. ಶರಣಪ್ಪ, ಕುಡಗೋಲರ ಮನಿ ಶರಣಪ್ಪ. ನಾಗಪ್ಪನ ಗೆಳ್ಯಾ. ಜಗಳ ಬಿಡ್ಸಾಕ ಬಂದಿದ್ದ, ಪಾಪ. ಪೊಲೀಸರು ಬಾವ್ಯಾಗ ಇಳದು ಕುಡಗೋಲ ಹುಡುಕಾಕತ್ತೇವಿ ಅಂದಿದ್ದು ಕೇಳಿ, ನನ್ನs ಹುಡುಕಾಕತ್ತಾರ ಅಂತ ಊರು ಬಿಟ್ಟ."

ನನ್ನ ಕೊಡ ತುಂಬಿ ಹರಿಯುತ್ತಿತ್ತು. ಹಿಂದಿನವರು ಬೈಯುತ್ತಿದ್ದರು.

ನೀವು ನಗುತ್ತಿರಬಹುದು. ನಿಮ್ಮ ಕಾಲದಲ್ಲಿ ನಮ್ಮ ಕಡೆ ಉಳ್ಳಾಗಡ್ಡಿಯೂ ಅಡ್ಡಹೆಸರಾಗಿತ್ತು, ಮೆಣಸಿನಕಾಯಿಯೂ ಅಡ್ಡಹೆಸರಾಗಿತ್ತು. ನಿಮಗೆ ಇದು ಕೂಡಲೇ ಹೊಳೆಯುತ್ತಿತ್ತು. ನಮಗೆ ಹೊಳೆಯದೆ ಇರಲು ಕಾರಣ ನಿಮ್ಮ ನಂತರದವರು ಮಾಡಿದ ಒಂದು ಒಳ್ಳೆಯ ಕೆಲಸ. ಅಡ್ಡಹೆಸರಿನಿಂದ ಜಾತಿ ತಿಳಿಯುತ್ತದೆ, ಜಾತಿ ತಿಳಿದರೆ ಕೈ ಬಿಗಿಯಾಗುತ್ತದೆ ಅಥವಾ ಸಡಿಲಾಗುತ್ತದೆ ಎಂದು, ಪೊಲೀಸರ ಮತ್ತು ಕೋರ್ಟಿನ ಕಾಗದಗಳಿಂದ ಅಡ್ಡಹೆಸರನ್ನು ತೆಗೆದುಹಾಕಿ ಅರವತ್ತು ವರ್ಷವಾಯಿತು. ತೆಗೆದದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ಯಾರಾದರೂ ಹೇಳಿದರೆ ಅವರ ಸಂಗಡ ಜಗಳಕ್ಕೇ ನಿಲ್ಲುತ್ತೇನೆ. ಆದರೆ ಕಾಗದದಿಂದ ಹೋದದ್ದು ಕಾಗದದವರ ತಲೆಯಿಂದಲೂ ಹೋಯಿತು. ಮುದುಕರ ಬಾಯಲ್ಲಿ ಮಾತ್ರ ಉಳಿಯಿತು. ಗುಡಾರದಲ್ಲಿ ಬೆಳೆದ ನನಗಂತೂ ಈ ಊರಿನ ಮನೆತನಗಳು ಮೊದಲೇ ಗೊತ್ತಿರಲಿಲ್ಲ.

ಇನ್ನು ತಿದ್ದುಗದ ಮಾತು. ಸಾಕ್ಷಿ ಆಡಿದ್ದನ್ನು ಕೇಳಿ ಬರೆದುಕೊಳ್ಳುವ ಯಂತ್ರಕ್ಕೆ ನಾವು ತಿದ್ದುಗ ಎನ್ನುತ್ತೇವೆ. ಅದು ಆಡುಮಾತನ್ನು ಇಡೀ ರಾಜ್ಯಕ್ಕೆ ತಿಳಿಯುವ ಶುದ್ಧ ಬರಹಕ್ಕೆ ತಿರುಗಿಸುತ್ತದೆ. ಫಕೀರವ್ವ ಹೇಳಿದ್ದು "ಅವನ ಕೂಡ ಕುಡಗೋಲ ಇದ್ದ" ಎಂದು. ಮುದುಕಿ ವ್ಯಾಕರಣ ತಪ್ಪಿದ್ದಾಳೆ, ವಸ್ತುವಿಗೆ "ಇದ್ದ" ಎಂದಿದ್ದಾಳೆ ಎಂದು ತಿಳಿದು ತಿದ್ದುಗ ಅದನ್ನು "ಇತ್ತು" ಮಾಡಿತು, ಅದರ ಬೆನ್ನಿಗೆ "ಕೂಡ" ಹೋಗಿ "ಬಳಿ" ಆಯಿತು. ಒಂದು ಶಬ್ದ. ಗಂಡುಮಗ ಕಬ್ಬಿಣವಾದ. ಗೆಳೆಯ ಆಯುಧವಾದ. ನಾಗಪ್ಪನೋ, ಗೆಳೆಯನನ್ನು ಹಿಡಿಯಲು ಕೇಳುತ್ತಿದ್ದಾರೆ ಎಂದು ತಿಳಿದು ಅವನ ಊರು ಕೇರಿ ಹೇಳದೆ ಹನ್ನೊಂದು ತಿಂಗಳು ಬಾಯಿ ಕಟ್ಟಿಕೊಂಡು ಕೂತ. ಓದಿದವರು ತಪ್ಪೆಂದು ತಿದ್ದಿದ ಶಬ್ದವೇ ಸರಿಯಾಗಿತ್ತು. ನಾವು ನಕ್ಕ ಮಾತೇ ಸರಿಯಾಗಿತ್ತು.

ಹನ್ನೆರಡರಂದು ಓದುಕಟ್ಟೆಗೆ ಕೂತೆ. ಆ ಸಾಲಿಗೆ ಬಂದು ನಿಲ್ಲಿಸಿದೆ. "ನಾಗಪ್ಪ, ಕುಡಗೋಲ ಅಂದ್ರ ಶರಣಪ್ಪನ?" ಎಂದು ಮೆಲ್ಲಗೆ ಕೇಳಿದೆ. ಅವನು ಸುತ್ತ ನೋಡಿ, "ನೀವ್ಯಾಕ ಅವನ ಹೆಸರು ತಗಿತೀರಿ ಯಕ್ಕಾ? ಅವಗ ಸಣ್ಣ ಸಣ್ಣ ಮಕ್ಕಳು ಅದಾವ" ಎಂದ. ರುಜು ಹಾಕುವ ಜಾಗದಲ್ಲಿ ಬರೆದೆ: "ಈ ಸಾಲು ನನಗೆ ತಿಳಿಯಲಿಲ್ಲ." ಹೊಳೆದಂಡಿ ಜಿಲ್ಲೆಯಲ್ಲಿ ಹತ್ತೊಂಬತ್ತು ತಿಂಗಳ ಮೇಲೆ ಹಾಗೆ ಬರೆದವಳು ನಾನೇ ಮೊದಲು.

ಯಾಕೆ ಯಾರೂ ಬರೆದಿರಲಿಲ್ಲ ಎಂದರೆ, ರಾಜಧಾನಿಯಲ್ಲಿ ಮೇಲ್ನೋಟ ಎಂಬ ಇಲಾಖೆ ಇದೆ. ದೇಶದ ಎಲ್ಲ ತಡೆಮನೆಗಳನ್ನು ಗಮನಿಸುವುದು ಅದರ ಕೆಲಸ. ಯಾವ ಜಿಲ್ಲೆಯಲ್ಲಿ ಎಷ್ಟು ಕಾಗದ ತಿರುಗಿ ಹೋಯಿತು ಎಂದು ಅದು ಫಲಕದ ಮೇಲೆ ತೋರಿಸುತ್ತದೆ. ತಿರುಗಿ ಹೋದರೆ ಕೆಂಪು, ಹೋಗದಿದ್ದರೆ ಹಸಿರು. ನಮ್ಮ ಜಿಲ್ಲೆ ಹತ್ತೊಂಬತ್ತು ತಿಂಗಳಿಂದ ಹಸಿರಾಗಿಯೇ ಇತ್ತು. ಹಸಿರಿಗೆ ಶಾಲು ಹೊದಿಸುತ್ತಾರೆ; ನನಗೂ ಒಂದು ಹೊದಿಸಿದ್ದಾರೆ. ಮುತ್ಯಾಗಳಿರಾ, ಆಯಿಗಳಿರಾ, ನೀವು ನಮ್ಮನ್ನು ಕೂರಿಸಿದ್ದು ತಿಳಿಯಲಿಲ್ಲ ಎನ್ನಲು. ಹಾಗೆ ಎನ್ನುವುದನ್ನೇ ತಪ್ಪೆಂದು ಎಣಿಸುವವರನ್ನು ನಮ್ಮ ಮೇಲೆ ಕೂರಿಸಿದರೆ ನಾವು ಏನು ಮಾಡಬೇಕು? ಮೊದಲ ತಿಂಗಳೇ ಆ ಸಾಲಿನಲ್ಲಿ ನನ್ನ ನಾಲಿಗೆ ತೊಡರಿತ್ತು. ಸೊಪ್ಪು ಮಾರುವವಳ ಗಂಡ ಕುಡುಗೋಲು ಯಾಕೆ ಬಚ್ಚಿಡುತ್ತಾನೆ, ಅದು ಅವನ ಮನೆಯ ದಿನದ ಸಾಮಾನಲ್ಲವೇ ಎನಿಸಿತ್ತು. ಕೇಳಲಿಲ್ಲ. ಬರೆದವರದು ಪೂರ್ತಿ ಓದು, ನನ್ನದು ಅರ್ಧ, ನನಗೇ ತಿಳಿದಿರಲಿಕ್ಕಿಲ್ಲ ಎಂದುಕೊಂಡು ರುಜು ಹಾಕಿದೆ. ತಿಳಿಯಲಿಲ್ಲ ಎನ್ನಲು ನೇಮಿಸಿದವಳು, ತಿಳಿಯಲಿಲ್ಲ ಎಂದು ಹೇಳಲು ನಾಚಿದೆ. ಹನ್ನೊಂದು ರುಜು. ಅವು ನನ್ನವೇ. ಯಾರ ಮೇಲೂ ಹಾಕುವುದಿಲ್ಲ.

ಕಾಗದ ತಿರುಗಿ ಹೋಗುವ ಮೊದಲೇ ಅದನ್ನು ತಡೆಹಿಡಿದು, ನಾಗಪ್ಪನನ್ನೂ ಬಿಡದೆ, ವಿಚಾರಿಸಲು ಮೇಲ್ನೋಟದಿಂದ ವಿಭಾಕರ ಎಂಬ ಅಧಿಕಾರಿ ಬಂದರು. ಮೃದು ಮಾತಿನವರು, ಕೆಟ್ಟವರೆಂದು ಹೇಳಲಾರೆ. ಬಂದವರೇ ನನಗೆ ಎಳನೀರು ತರಿಸಿದರು. "ಹುಲಿಗೆವ್ವನವರೇ, ಹನ್ನೊಂದು ಸಲ ತಿಳಿದ ಸಾಲು ಹನ್ನೆರಡನೇ ಸಲ ಹೇಗೆ ತಿಳಿಯದೆ ಹೋಗುತ್ತೆ ಹೇಳಿ?" ಎಂದು ಕೇಳಿದರು.

"ಹನ್ನೊಂದು ಸಲ ತಿಳೀಲಿಲ್ರಿ. ಹನ್ನೆರಡನೇ ಸಲ, ತಿಳಿದಿಲ್ಲ ಅನ್ನೋದು ತಿಳೀತ್ರಿ" ಎಂದೆ. ಅಂದ ಮೇಲೆ ಹೆದರಿಕೆಯಾಯಿತು. ಎಳನೀರು ಅರ್ಧಕ್ಕೇ ಬಿಟ್ಟೆ.

ಫಕೀರವ್ವನನ್ನು ಕರೆಸಿ ಎಂದು ಕೇಳಿಕೊಂಡೆ. ಕರೆಸಿದರು. ತಿದ್ದುಗದ ಮುಂದೆ ಕೂರಿಸಿದರು. ಮುದುಕಿ ಗಂಟಲು ಸರಿಮಾಡಿಕೊಂಡು, "ಕುಡಗೋಲ ಇದ್ದ" ಎಂದಳು. ಫಲಕದ ಮೇಲೆ ಮೂಡಿತು: ಕುಡುಗೋಲು ಇತ್ತು. "ಇತ್ತು ಅಲ್ಲೋ, ಇದ್ದ!" ಎಂದಳು. ಫಲಕ: ಇತ್ತು. ಮೂರನೆಯ ಸಲ ಎದ್ದು ನಿಂತು, "ನಿನ್ನ ನಾಲಿಗಿಗೆ ಬರಿ ಹಾಕ್ಲಿ, ಮನಶಾನ್ನ ಹಿಡದು ಹತಾರ ಮಾಡ್ತಿ? ನಾಳೆ ನನ್ನ ಏನ್ ಮಾಡ್ತಿ, ಒನಕಿ ಮಾಡ್ತೀ?" ಎಂದು ಕೈಯೆತ್ತಿದಳು. ಅದನ್ನು ತಿದ್ದುಗ ಹೀಗೆ ಬರೆದುಕೊಂಡಿತು: ಸಾಕ್ಷಿಯು ಒನಕೆಯ ಕುರಿತು ಹೇಳಿದರು. ವಿಭಾಕರ ಅವರಿಗೂ ನಗು ತಡೆಯಲಾಗಲಿಲ್ಲ. ಆದರೆ ನಕ್ಕು ಮುಗಿಸಿ, "ಬರಹದಲ್ಲಿ ಬಂದದ್ದೇ ಸಾಕ್ಷಿ, ನಾನೇನು ಮಾಡಲಿ" ಎಂದರು. ಶರಣಪ್ಪನೇ ಬಂದು ನಿಂತರೆ ಆದೀತು ಎಂದರು. ಅವನು ಯಾವ ಕನ್ನಡಿ ಹೊಲದಲ್ಲಿ ಗಾಜು ತೊಳೆಯುತ್ತಿದ್ದಾನೋ! ನಮ್ಮಪ್ಪನ ಕಡೆಯ ಗುಡಾರಗಳಿಗೆಲ್ಲ ಹೇಳಿ ಕಳಿಸಿದ್ದೇನೆ, ಬರೀ "ಕುಡಗೋಲನ್ನ ಹುಡುಕುತ್ತಿದ್ದಾರೆ" ಎನ್ನಬೇಡಿ, "ಮನೆಗೆ ಕರೆಯುತ್ತಿದ್ದಾರೆ" ಎನ್ನಿರಿ ಎಂದು. ಇನ್ನೂ ಸುದ್ದಿಯಿಲ್ಲ.

ಇಷ್ಟು ಹೊತ್ತಿಗೆ ಆಗಸ್ಟ್ ಮೂವತ್ತೆರಡಾಯಿತು, ನಲವತ್ತಾಯಿತು. ಕಚೇರಿಯಲ್ಲಿ ಯಾರೂ ನನ್ನ ಸಂಗಡ ಮಾತಾಡುತ್ತಿರಲಿಲ್ಲ. ತಡೆಮನೆಯ ಮುಖ್ಯಸ್ಥ ಮೌಲಾಸಾಬ ಅಣ್ಣ ಮಾತ್ರ ಬಂದು ಎದುರಿಗೆ ಕೂತ. "ಹುಲಿಗೆವ್ವಾ, ನನ್ನ ಮಗಳ ನಿಕಾ ಸೆಪ್ಟೆಂಬರ ಇಪ್ಪತ್ತೇಳಕ್ಕ ಅಂತ ಕಾರ್ಡ್ ಹೊಡಿಸೇನಿ. ಸೆಪ್ಟೆಂಬರ ಎಲ್ಲಿ ಐತವಾ? ಸ್ವಲ್ಪ ತೋರ್ಸು, ರಜಾ ಹಾಕ್ತೀನಿ" ಎಂದ. ನಾನು ಅಳತೊಡಗಿದೆ. ಅವನಿಗೆ ಗಾಬರಿಯಾಯಿತು. "ಅಳಬ್ಯಾಡ, ಅಳಬ್ಯಾಡ. ನಾನು ರುಜು ಹಾಕು ಅಂದ್ನೇನು? ವರ್ಷದಿಂದ ದಿನಾ ಮುಂಜಾನೆ ಆ ಕೂಸು ಜಾಲಿ ಹಿಡದು ನಿಂದ್ರತೈತಿ, ನಾನs ಬೀಗ ಹಾಕ್ತೀನಿ. ನನಗೇನ್ ಛಲೋ ಅನಸ್ತೈತೇನು?" ಎಂದ. ಮರುದಿನ ಕಾರ್ಡುಗಳನ್ನೆಲ್ಲ ತಂದು ನನ್ನ ಮುಂದೆ ಸುರಿದು, ಪೆನ್ನು ಕೊಟ್ಟ. ನಾವಿಬ್ಬರೂ ಕೂತು ಸೆಪ್ಟೆಂಬರ್ ಇಪ್ಪತ್ತೇಳನ್ನು ಹೊಡೆದು "ಆಗಸ್ಟ್ ಐವತ್ತೆಂಟು" ಎಂದು ತಿದ್ದಿದೆವು. ರಜೆಯಿಲ್ಲದೆ, ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರದ ಮೇಲೆಯೇ ಟೋಪಿ ಬದಲಿಸಿಕೊಂಡು ಅವನು ಮಗಳ ನಿಕಾಕ್ಕೆ ಹೋದ. ಊರಿನ ಅರ್ಧ ಜನಕ್ಕೆ ನಾಗಪ್ಪನ ಸಂಗತಿ ತಿಳಿದದ್ದು ಆ ಕಾರ್ಡಿನಿಂದ. ಈಗ ಸಂತೆಯಲ್ಲಿ ಸೊಪ್ಪಿನವರು, ಮೀನಿನವರು, ಬಳೆಯವರು ಎಲ್ಲರೂ ಬೇಕೆಂದೇ ಆಗಸ್ಟಿನ ಲೆಕ್ಕದಲ್ಲೇ ಮಾತಾಡುತ್ತಾರೆ. ತಡೆಮನೆಯ ಜಾಲಿ ಗೋಡೆಯ ಮೇಲೆ ಯಾರೋ ದಿನಾ ಸುಣ್ಣದಿಂದ ತಾರೀಕು ಬರೆಯುತ್ತಾರೆ.

ಹೀಗೆ ಇರುವಾಗ ಹೋದ ವಾರ ವಿಭಾಕರ ಅವರು ಒಂದು ಹೊಸ ಮಾತು ತಂದರು. ಓದುಗರ ಕಾನೂನು ನಿಮ್ಮ ಕಾಲದ್ದು. ರಾಜಧಾನಿಯಲ್ಲಿರುವ ಅದರ ಪ್ರತಿಯಲ್ಲಿ "ಓದುಗರಿಗೆ ತಿಳಿಯದಿದ್ದರೆ ಕಾಗದವು ತಿರುಗಿ ಹೋಗಬಹುದು" ಎಂದಿದೆಯಂತೆ. ಬಹುದು ಎಂದರೆ ಹೋಗಲೂಬಹುದು, ಬಿಡಲೂಬಹುದು. ಹಾಗಾಗಿ ನನ್ನ ರುಜು ಇಲ್ಲದೆಯೂ ತಿಂಗಳು ಮುಚ್ಚಬಹುದು, ನನ್ನ ಜಾಗಕ್ಕೆ ಇನ್ನೊಬ್ಬಳನ್ನು ಕೂರಿಸಬಹುದು, ನಾಗಪ್ಪ ಇದ್ದಲ್ಲೇ ಇರಬಹುದು. ನಮ್ಮ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದು "ಹೋಗತಕ್ಕದ್ದು" ಎಂದು. ಬಾಯಿಪಾಠ ಸಾಕ್ಷಿಯಲ್ಲ ಎಂದರು. ನಮ್ಮ ಜಿಲ್ಲೆಯ ಹಳೆಯ ಅಚ್ಚಿನ ಪ್ರತಿಯನ್ನು ಮೌಲಾಸಾಬ ಅಣ್ಣ ಗಂಟಿನಿಂದ ತೆಗೆಸಿದ. ಆ ಪುಟದ ಮಡಿಕೆ ಸರಿಯಾಗಿ ಅದೇ ಸಾಲಿನ ಮೇಲೆ ಬಿದ್ದು ಸವೆದಿದೆ. "ತಿರುಗಿ ಹೋಗ" ಎಂಬಲ್ಲಿಯವರೆಗೆ ಕಾಣುತ್ತದೆ, ಮುಂದೆ ಬೆಳಕು ಬರುವಷ್ಟು ತೂತು. ನನಗೆ ಒಂದು ಗುಮಾನಿ ಇದೆ. ರಾಜಧಾನಿಯ ಪ್ರತಿಯನ್ನೂ ತಿದ್ದುಗದ ಕೈಯಲ್ಲೇ ಹೊಸದಾಗಿ ಬರೆಸಿದ್ದಾರೆ. "ತಕ್ಕದ್ದು" ಎಂದು ಈಗ ಯಾರೂ ಆಡುವುದಿಲ್ಲ. ಆಡದ ಶಬ್ದವನ್ನು ಅದು ಏನು ಮಾಡುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನೀವೇ "ಬಹುದು" ಎಂದು ಬರೆದಿದ್ದರೆ? ಈ ಚಿಂತೆಯಲ್ಲಿ ರೊಟ್ಟಿ ಎರಡು ಸಲ ಹೊತ್ತಿಸಿದೆ.

ಸೋಮವಾರ ನ್ಯಾಯಪೀಠದ ಮುಂದೆ ಇದು ಬರುತ್ತದೆ. "ತಕ್ಕದ್ದು" ಎಂದು ಸಿದ್ಧವಾದರೆ ನಾಗಪ್ಪ ಅದೇ ಹೊತ್ತಿಗೆ ಜಾಲಿ ಗೋಡೆಯ ಆಚೆ. "ಬಹುದು" ಎಂದಾದರೆ ನನ್ನ ಬಿಲ್ಲೆ ಕಿತ್ತುಕೊಂಡು ಆಗಸ್ಟ್ ಮುಚ್ಚುತ್ತಾರೆ. ನಿನ್ನೆ ವಿಭಾಕರ ಅವರು ಮತ್ತೆ ಹೇಳಿ ಕಳಿಸಿದ್ದರು: ಈಗಲೇ ರುಜು ಹಾಕಿದರೆ ಕೆಲಸ ಉಳಿಯುತ್ತದೆ, ಶಾಲೂ ಉಳಿಯುತ್ತದೆ. ಶಾಲನ್ನು ಮಡಚಿ ಅವರ ಜವಾನನ ಕೈಯಲ್ಲೇ ಕೊಟ್ಟು ಕಳಿಸಿದೆ. ಸಂಗಡ ಒಂದು ಚೀಟಿ: ನೀವು ಬಹುದು ಎಂದರೆ, ನಾನು ರುಜು ಹಾಕದೆಯೂ ಇರಬಹುದು. ನನಗೆ ಹೆದರಿಕೆಯಿದೆ, ಚಿಲಕ ನಾಲ್ಕು ಸಲ ನೋಡುತ್ತೇನೆ. ಆದರೆ ಹೆದರುವವಳು ಬಗ್ಗಲೇಬೇಕು ಎಂದು ಯಾವ ಕಾನೂನಿನಲ್ಲೂ ಇಲ್ಲ. ಆಗಸ್ಟ್ ನೂರಾದರೂ ಆಗಲಿ, ಸಾವಿರವಾದರೂ ಆಗಲಿ. ಹನ್ನೆರಡನೆಯ ರುಜು ನನ್ನ ಕೈಯಿಂದ ಬೀಳುವುದಿಲ್ಲ. ಬಿಲ್ಲೆ ಕಿತ್ತರೆ ಬೀದಿಯ ಕಡೆಯಿಂದ ಜಾಲಿಗೆ ಬಾಯಿ ಹಚ್ಚಿ ಅವನ ಕಾಗದ ಓದುತ್ತೇನೆ, "ಇದ್ದ" ಎಂದೇ ಓದುತ್ತೇನೆ. ಹೋಗುವವರು ಬರುವವರು ಒಳಗೆ ನೋಡಬೇಕು ಎಂದು ನೀವೇ ಬರೆದಿದ್ದೀರಲ್ಲ. ನೋಡುವವಳು ಓದಬಾರದು ಎಂದು ಬರೆದಿಲ್ಲ.

ಈ ಪತ್ರವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಿನವರಿಗೆ ಬರೆಯುವ ಅಂಚೆ ಅದು, ಹೊಳೆಯ ದಂಡೆಯ ಹಳೆಯ ಅಂಚೆ ಮನೆಯಲ್ಲಿ ಒಂದು ಪೆಟ್ಟಿಗೆ ಇದೆ. ಮುಟ್ಟುತ್ತದೋ ಇಲ್ಲವೋ ತಿಳಿಯದು, ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ. ನೀವು ಸರಿಯಾಗಿ ಬರೆದಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲವೇನೋ, ಈ ಪತ್ರ ಬರೆಯದಿದ್ದರೆ ನೀವು ಸರಿಯಾಗಿ ಬರೆಯುತ್ತಿರಲಿಲ್ಲವೇನೋ. ಆ ಲೆಕ್ಕ ನನಗೆ ಹತ್ತುವುದಿಲ್ಲ, ಅದು ಮುಂದಿನ ಸಾಲೆಯಲ್ಲಿ ಕಲಿಸುವ ಪಾಠವಿರಬೇಕು.

ನೀವೆಲ್ಲ ಕಲಿತವರು, ನೂರು ಕಲಮು ಬರೆಯುತ್ತೀರಿ, ನೂರು ಸಲ ತಿದ್ದುತ್ತೀರಿ. ನಾನು ಕೇಳುವುದು ಒಂದೇ. ಓದುಗರ ಕಲಮು ಮುಗಿಸಿ ಅಚ್ಚಿಗೆ ಕಳಿಸುವ ಮುಂಚೆ, ಮೂರನೆಯ ಸಾಲಿನ ಕೊನೆಯ ಶಬ್ದವನ್ನು ಇನ್ನೊಂದು ಸಲ ತೆಗೆದು ನೋಡಿರಿ. ಮೇಜಿನ ಸುತ್ತ ಕೂತವರಲ್ಲಿ ಯಾರಾದರೂ ಕೇಳಲು ಮೆತ್ತಗಿರಲಿ ಎಂದು ಅಲ್ಲಿ "ಬಹುದು" ಹಾಕಿದ್ದರೆ, ಹೊಡೆದು ಹಾಕಿ "ತಕ್ಕದ್ದು" ಎಂದು ಬರೆಯಿರಿ. ಬರೆದ ಮೇಲೆ, ಸಿಟ್ಟಾಗಬೇಡಿ, ಮತ್ತೊಮ್ಮೆ ನೋಡಿರಿ.